ಭಾನುವಾರದ ಮನೆ

ನಮ್ಮ ವಠಾರದ ಮುಂದಿನ ಮನೆಯ ಮೇಷ್ಟ್ರು ಪಂಚಾಂಗ ನೋಡುತ್ತಿದ್ದದ್ದು ಮುಹೂರ್ತಕ್ಕಲ್ಲ, ಏಕಾದಶಿಗೆ. ಯುಗಾದಿಯ ದಿನ ಹೊಸ ಪಂಚಾಂಗ ಬಂತೆಂದರೆ ಜಗಲಿಯ ಮೇಲೆ ಕೂತು, ವರ್ಷದಲ್ಲಿ ಬರುವ ಏಕಾದಶಿಗಳೆಲ್ಲ ಯಾವ ಯಾವ ವಾರ ಬೀಳುತ್ತವೆ ಎಂದು ಸೀಸದ ಕಡ್ಡಿಯಲ್ಲಿ ಗುರುತು ಹಾಕುತ್ತಿದ್ದರು. "ಈ ವರ್ಷ ಗುರುವಾರಕ್ಕೆ ಐದು ಬಿತ್ತು ಕಣಯ್ಯ" ಎನ್ನುವರು. ಅವರೇನು ಉಪವಾಸ ಮಾಡುವವರಲ್ಲ. ಸಕ್ಕರೆ ಕಾಯಿಲೆ, ಹೊತ್ತು ಹೊತ್ತಿಗೆ ತಿನ್ನಲೇಬೇಕು. ಆದರೂ ಈ ಲೆಕ್ಕ ಮಾತ್ರ ಬಿಡಲಿಲ್ಲ.

ಇದು 1971ರ ಮಾತು. ಮೈಸೂರಿನ ಕೃಷ್ಣಮೂರ್ತಿಪುರದ ಒಂದು ವಠಾರದ ಹಿಂಬದಿಯ ಕೋಣೆಯಲ್ಲಿ ನಾವು ಮೂವರು ಹುಡುಗರಿದ್ದೆವು. ಬಾಡಿಗೆ ತಿಂಗಳಿಗೆ 18 ರೂಪಾಯಿ, ತಲೆಗೆ ಆರು. ನಾನು ಕೊಳ್ಳೇಗಾಲದವನು, ನೇಯ್ಗೆಯವರ ಮನೆ. ಅಪ್ಪನದು ಕುಣಿಮಗ್ಗ, ಅವ್ವ ನೂಲು ಸುತ್ತುವುದು. 1956ರವರೆಗೆ ನಮ್ಮೂರು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ಮೈಸೂರಿನ ಕಾಲೇಜು ಅಂದರೆ ನಮ್ಮ ಕೇರಿಗೆ ಆಗಿನ್ನೂ ಹೊಸ ಸುದ್ದಿ. ನಮ್ಮ ದೇವಾಂಗದವರಿಗೆ ಜನಿವಾರ ಉಂಟು. ಆ ವಠಾರದಲ್ಲಿ ಕೋಣೆ ಸಿಕ್ಕಿದ್ದು ಅದರ ದೆಸೆಯಿಂದ ಎಂದು ಬಹಳ ದಿನ ಆದಮೇಲೆ ಗೊತ್ತಾಯಿತು. ಮೇಷ್ಟ್ರೇ ಮಾಲೀಕರ ಹತ್ತಿರ "ಹುಡುಗನಿಗೆ ಜನಿವಾರ ಇದೆ" ಅಂದಿದ್ದರಂತೆ. ಶರಟಿನ ಗುಂಡಿ ಬಿಚ್ಚಿಸಿ ನೋಡಿದವರು ಯಾರೂ ಇಲ್ಲ, ಅದೊಂದು ಪುಣ್ಯ. ಜೊತೆಯವರಲ್ಲಿ ಒಬ್ಬನಿಗೆ ಅದು ಇರಲಿಲ್ಲ.

ಪಂಚಾಂಗದ ಗುಟ್ಟು ಒಂದು ಸಂಜೆ ಹೊರಬಿತ್ತು. ಮೇಷ್ಟ್ರು 1920ರ ದಶಕದಲ್ಲಿ ಹಾಸನದ ಕಡೆಯ ಹಳ್ಳಿಯಿಂದ ಮೈಸೂರಿಗೆ ಓದಲು ಬಂದ ವಾರಾನ್ನದ ಹುಡುಗ. ವಾರಾನ್ನ ಎಂಬ ಮಾತು ಈಗಿನ ಮಕ್ಕಳಿಗೆ ಗೊತ್ತಿರಲಾರದು. ಊರು ಬಿಟ್ಟು ಬಂದ ಬಡ ಬ್ರಾಹ್ಮಣ ಹುಡುಗ ಏಳು ಮನೆ ಗೊತ್ತು ಮಾಡಿಕೊಳ್ಳುತ್ತಿದ್ದ. ಸೋಮವಾರ ಒಬ್ಬರಲ್ಲಿ ಊಟ, ಮಂಗಳವಾರ ಇನ್ನೊಬ್ಬರಲ್ಲಿ. ಇದಕ್ಕೆ 'ವಾರ ಹಿಡಿಯುವುದು' ಎಂದು ಹೆಸರು, ಮನೆಯವರು 'ವಾರ ಕೊಡುವುದು'. ಮಲಗಲು ಯಾವುದೋ ದೇವಸ್ಥಾನದ ಕೈಸಾಲೆ, ಛತ್ರ, ಇಲ್ಲವೇ ಯಾರದೋ ಮನೆಯ ಜಗಲಿ. ಓದಲು ಬೀದಿಯ ದೀಪ. ಬೀದಿದೀಪದಲ್ಲಿ ಓದಿದವರು ಎಂದು ನಮ್ಮಲ್ಲಿ ಎಲ್ಲ ದೊಡ್ಡವರ ಬಗ್ಗೆಯೂ ಹೇಳುತ್ತಾರೆ. ಅದೆಷ್ಟು ಜನರ ವಿಷಯದಲ್ಲಿ ನಿಜವೋ ನಾನರಿಯೆ, ಆದರೆ ವಾರಾನ್ನ ಉಂಡವರ ಪಟ್ಟಿ ಮಾತ್ರ ಉದ್ದವಾಗಿದೆ. ಎಸ್.ಎಲ್. ಭೈರಪ್ಪನವರು ತಮ್ಮ ಆತ್ಮಕಥೆ 'ಭಿತ್ತಿ'ಯಲ್ಲಿ ಆ ದಿನಗಳನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಮೇಷ್ಟ್ರು ಮನೆಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದರು. ಸೋಮವಾರ ಲಕ್ಷ್ಮೀಪುರದ ವಕೀಲರ ಮನೆ. ಅಲ್ಲಿ ಊಟ ಚೆನ್ನು, ಆದರೆ ವಕೀಲರು ಉಂಡು ಕೋರ್ಟಿಗೆ ಹೊರಟಮೇಲೆಯೇ ಹುಡುಗನಿಗೆ ಎಲೆ. ಕಾಲೇಜಿನ ಮೊದಲ ಗಂಟೆ ಪ್ರತಿ ಸೋಮವಾರವೂ ತಪ್ಪುತ್ತಿತ್ತು. ಮಂಗಳವಾರ ಹಪ್ಪಳ ಸಂಡಿಗೆ ಮಾಡಿ ಮಾರುತ್ತಿದ್ದ ಒಬ್ಬ ವಿಧವೆ. ಆಕೆಗೇ ಸಾಲದು, ಆದರೆ ಕೇಳಿದವನಿಗೆ ಇಲ್ಲವೆನ್ನಲಿಲ್ಲ. ಬುಧವಾರ ಅರಮನೆಯ ಗುಮಾಸ್ತರು, ಅವರ ಇಬ್ಬರು ಮಕ್ಕಳಿಗೆ ಲೆಕ್ಕ ಹೇಳಿಕೊಡಬೇಕು. ಗುರುವಾರದ್ದು ಮಾಧ್ವರ ಮನೆ, ಏಕಾದಶಿ ಬಂತೆಂದರೆ ಒಲೆಯನ್ನೇ ಹಚ್ಚುವುದಿಲ್ಲ. ಗುರುವಾರಕ್ಕೆ ಏಕಾದಶಿ ಬಿದ್ದರೆ ಹುಡುಗನಿಗೂ ನಿರ್ಜಲ. ಶುಕ್ರವಾರ ದೂರದ ಸಂಬಂಧಿಕರು. ಸಂಬಂಧ ದೂರವಾದಷ್ಟೂ ನೀರು ಸೇದುವ ಕೆಲಸ ಜಾಸ್ತಿ. ಶನಿವಾರದ ಮನೆಯಲ್ಲಿ ರಾತ್ರಿ ಬರೀ ಅವಲಕ್ಕಿ. ಇನ್ನು ಯಾವುದಾದರೂ ಮನೆಯಲ್ಲಿ ಹೆರಿಗೆಯೋ ಸಾವೋ ಆದರೆ ಹತ್ತು ದಿನ ಪುರುಡು, ಸೂತಕ. ಆ ವಾರ ತಪ್ಪಿತು. "ಆ ಗುಮಾಸ್ತರ ಹೆಂಡತಿಗೆ ಏಳನೆಯ ತಿಂಗಳು ಅಂತ ಗೊತ್ತಾದಾಗ ನಾನು ಪಟ್ಟಷ್ಟು ಚಿಂತೆ ಆಕೆಯ ಗಂಡನೂ ಪಟ್ಟಿರಲಾರ" ಎಂದು ಮೇಷ್ಟ್ರು ನಗುತ್ತಿದ್ದರು.

ಆರು ಬೆರಳು ಮಡಿಸಿ ಅಲ್ಲಿಗೇ ನಿಲ್ಲಿಸುವರು. ಭಾನುವಾರದ ಮನೆ ಅವರಿಗೆ ಕೊನೆಯವರೆಗೂ ಸಿಕ್ಕಲಿಲ್ಲ.

ಇದನ್ನೆಲ್ಲ ಕೇಳುವಾಗ ನನಗೆ ಹೊಟ್ಟೆ ಚುರ್ ಅನ್ನುತ್ತಿತ್ತು, ಜೊತೆಗೇ ಒಂದು ಹೊಟ್ಟೆಕಿಚ್ಚು. ಅವರಿಗೆ ಬಾಗಿಲು ತಟ್ಟಲು ಆರು ಮನೆಗಳಾದರೂ ಇದ್ದವು. ನನ್ನ ಅಪ್ಪನಿಗೆ ಓದುವ ಮನಸ್ಸಿದ್ದರೂ ಯಾರ ಬಾಗಿಲು? ವಾರಾನ್ನ ಮೇಲ್ನೋಟಕ್ಕೆ ದಾನ, ಒಳಗೆ ಪಂಕ್ತಿ. ಯಾರ ಜೊತೆ ಕೂತು ಉಣ್ಣಬಹುದೋ ಅವನಿಗೆ ಮಾತ್ರ ಅನ್ನ. ಈ ಕಥೆಗಳಲ್ಲಿ ಹುಡುಗಿಯೂ ಇಲ್ಲ ಎಂಬುದನ್ನು ಗಮನಿಸಿ. ಬಡವರ ಮನೆಯ ಹೆಣ್ಣುಮಗಳು ದಿನಕ್ಕೊಂದು ಮನೆಯ ಹೊಸಿಲು ತುಳಿದು ಮಹಾರಾಣಿ ಕಾಲೇಜಿಗೆ ಹೋದಳು ಎಂದು ನಾನು ಎಲ್ಲಿಯೂ ಕೇಳಿಲ್ಲ.

1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು, ಎಚ್.ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿ. ದೇಶೀ ಸಂಸ್ಥಾನವೊಂದು ಕಟ್ಟಿದ ಮೊದಲ ವಿಶ್ವವಿದ್ಯಾನಿಲಯ ಎಂಬ ಹೆಮ್ಮೆ ಸುಳ್ಳಲ್ಲ. ಕಟ್ಟಡ ಬಂತು, ಅಧ್ಯಾಪಕರು ಬಂದರು. ಆದರೆ ಹಳ್ಳಿಯ ಹುಡುಗ ಬಂದರೆ ಅವನು ಉಣ್ಣುವುದೆಲ್ಲಿ ಎಂಬುದಕ್ಕೆ ಊರಿನ ಹಳೆಯ ಉತ್ತರವೇ ಉಳಿಯಿತು: ಜಾತಿ ಇದ್ದಲ್ಲಿ ಊಟ. ದಯಾಸಾಗರರೆಂದು ಹೆಸರಾದ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರು ಮೈಸೂರಿನಲ್ಲಿ ಅನಾಥಾಲಯ ಕಟ್ಟಿ ದಿಕ್ಕಿಲ್ಲದ ಎಷ್ಟೋ ಮಕ್ಕಳನ್ನು ಓದಿಸಿದರು. ಅಂಥವರು ಊರಿಗೊಬ್ಬರು.

ದಿವಾನರ ಕಥೆ ಇಲ್ಲಿ ಬಹಳ ಮುಖ್ಯ. ವಿಶ್ವೇಶ್ವರಯ್ಯನವರೇ ಬಡ ವಿದ್ಯಾರ್ಥಿ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ, ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಮನೆಪಾಠ. ಹಾಗೆ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಇಂಜಿನಿಯರಿಂಗ್ ಓದಿದರು. ಸರ್ಕಾರದ ದುಡ್ಡು ಒಬ್ಬ ಬಡ ಹುಡುಗನ ಮೇಲೆ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಂಬಾಡಿಯ ಕಟ್ಟೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಂಥವರೇ, 1918ರಲ್ಲಿ ಬ್ರಾಹ್ಮಣೇತರರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡುವ ವಿಚಾರಕ್ಕೆ ಮಹಾರಾಜರು ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದಾಗ ಒಪ್ಪಲಿಲ್ಲ. ವಿದ್ಯಾರ್ಥಿವೇತನ ಕೊಡಿ, ಓದಿಸಿ, ಆಮೇಲೆ ಯೋಗ್ಯತೆಯ ಮೇಲೆ ಬರಲಿ ಎಂಬುದು ಅವರ ನಿಲುವು. ಆ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. 1919ರಲ್ಲಿ ವರದಿ ಬಂತು: ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಲ್ಲಲಿ ಎಂದು. ಅದರ ಜೊತೆಗೇ ಹಿಂದುಳಿದವರ ಮಕ್ಕಳ ಓದಿನ ಮಾತೂ ಇತ್ತು. ವಿಶ್ವೇಶ್ವರಯ್ಯನವರ ಮಾತಿನಲ್ಲಿ ಅರ್ಥವಿಲ್ಲವೆಂದು ನಾನು ಹೇಳಲಾರೆ. ಆದರೆ ಅವರಿಗೆ ವಿದ್ಯಾರ್ಥಿವೇತನ ಸಿಗುವ ಮೊದಲು ಸೋದರಮಾವನ ಮನೆಯ ಊಟ ಸಿಕ್ಕಿತ್ತಲ್ಲ. ನಗರದಲ್ಲಿ ಸೋದರಮಾವನೇ ಇಲ್ಲದ ಜಾತಿಗಳ ಪಾಡೇನು?

ಆ ಜಾತಿಗಳು ಸೋದರಮಾವನನ್ನು ತಾವೇ ಕಟ್ಟಿಕೊಂಡವು. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ನಿಧಿ, 1906ರಲ್ಲಿ ಒಕ್ಕಲಿಗರ ಸಂಘ, 1909ರಲ್ಲಿ ಸೆಂಟ್ರಲ್ ಮುಸ್ಲಿಂ ಅಸೋಸಿಯೇಷನ್. ಇವಕ್ಕೆ ಮುಖ್ಯವಾದ ಕೆಲಸ ವಿದ್ಯೆ, ವಿದ್ಯೆಗೆ ಮುಖ್ಯವಾದದ್ದು ಬೋರ್ಡಿಂಗು. ಆಗ ಹಾಸ್ಟೆಲ್ ಅನ್ನುತ್ತಿರಲಿಲ್ಲ, ಬೋರ್ಡಿಂಗು. ಗೌಡರು ಗಾಡಿಯಲ್ಲಿ ರಾಗಿ ಕಳಿಸುವರು, ಭತ್ತ ಕಳಿಸುವರು. ಹುಡುಗರು ಸಾಲಾಗಿ ಕೂತು ಮುದ್ದೆ ನುಂಗುವರು.

ಕೃಷ್ಣಾ ತೀರದ ಕಡೆ ಇದು ಇನ್ನೂ ಜೋರಾಗಿ ನಡೆಯಿತು. ಕೊಲ್ಲಾಪುರದ ಶಾಹು ಮಹಾರಾಜರು 1901ರಿಂದಲೇ ಮರಾಠರಿಗೆ, ಜೈನರಿಗೆ, ಆಮೇಲೆ ಲಿಂಗಾಯತರಿಗೆ, ಮುಸಲ್ಮಾನರಿಗೆ, ಅಸ್ಪೃಶ್ಯರಿಗೆ ಒಂದೊಂದಾಗಿ ಬೋರ್ಡಿಂಗು ತೆರೆಸಿದರು. ಬೆಳಗಾವಿ ಸೀಮೆಯ ಕನ್ನಡ ಹುಡುಗರಿಗೆ ಕೊಲ್ಲಾಪುರ ದೂರವಲ್ಲ. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಲಿಂಗಾಯತ ಮಕ್ಕಳ ವಿದ್ಯೆಗೆಂದು ಬರೆದಿಟ್ಟಿದ್ದರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. 1916ರಲ್ಲಿ ಅಲ್ಲಿಯೇ ಬಸವನಾಳ, ಸಾಖರೆ ಮೊದಲಾದ ಏಳು ಜನ ಶಿಕ್ಷಕರು ಸೇರಿ ಕೆ.ಎಲ್.ಇ. ಸಂಸ್ಥೆ ಕಟ್ಟಿದರು, ಅವರನ್ನು ಸಪ್ತರ್ಷಿಗಳೆಂದೇ ಕರೆಯುತ್ತಾರೆ.

ನನಗೆ ಇದರಲ್ಲೆಲ್ಲ ಹಿಡಿಸುವುದು ಧಾರವಾಡದ ಮುರುಘಾಮಠದ ಮೃತ್ಯುಂಜಯಪ್ಪಗಳು. ಜೋಳಿಗೆ ಹಿಡಿದು ಊರೂರು ತಿರುಗಿ ಜೋಳ ತಂದು ಹುಡುಗರಿಗೆ ಉಣಿಸಿದರು. ಅಲ್ಲಿ ಅದಕ್ಕೆ ಪ್ರಸಾದ ನಿಲಯ ಎಂದು ಹೆಸರು. ಮೇಷ್ಟ್ರ ಕಥೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ವಾರಾನ್ನದಲ್ಲಿ ಬಾಗಿಲಿಂದ ಬಾಗಿಲಿಗೆ ಅಲೆಯುವವನು ಓದುವ ಹುಡುಗ. ಇಲ್ಲಿ ಅಲೆಯುವವರು ಸ್ವಾಮಿಗಳು, ಹುಡುಗ ಪುಸ್ತಕದ ಮುಂದೆ ಕೂತಿದ್ದಾನೆ. ಕೈಯೊಡ್ಡುವ ಅವಮಾನವನ್ನು ದೊಡ್ಡವರು ತಮ್ಮ ಮೇಲೆ ಹಾಕಿಕೊಂಡರು. ಅವರ ಜೋಳಿಗೆಯಲ್ಲಿ ಭಿಕ್ಷೆಯೂ ಗೌರವ, ಹುಡುಗನ ಕೈಯಲ್ಲಿ ಅದೇ ಭಿಕ್ಷೆ ನಾಚಿಕೆ. ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳು ನಡೆಸಿದ್ದೂ ಇದೇ ದಾರಿ, ಅದೂ ಜಾತಿ ಕೇಳದೆ.  ಮೈಸೂರಿನಲ್ಲಿ ಸುತ್ತೂರಿನ ರಾಜೇಂದ್ರ ಸ್ವಾಮಿಗಳು 1940ರ ದಶಕದಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಹುಡುಗರ ಅಕ್ಕಿಗೆ ದುಡ್ಡಿಲ್ಲದಾಗ ತಮ್ಮ ಚಿನ್ನದ ಕರಡಿಗೆಯನ್ನೇ ಮಾರಿದರೆಂದು ಈ ಸೀಮೆಯ ಜನ ಈಗಲೂ ಹೇಳುತ್ತಾರೆ.

ಈ ಪಂಕ್ತಿಗಳ ಹೊರಗೇ ಉಳಿದವರಿದ್ದರು. 1910ರ ದಶಕದಲ್ಲಿ ಸರ್ಕಾರಿ ಶಾಲೆಯಲ್ಲಿ ಅಸ್ಪೃಶ್ಯರೆನಿಸಿದ ಪಂಚಮರ ಮಕ್ಕಳನ್ನೂ ಕೂರಿಸಬೇಕೆಂದು ಮೈಸೂರು ಸರ್ಕಾರ ಅಪ್ಪಣೆ ಮಾಡಿದಾಗ ಮೇಲ್ಜಾತಿಯವರು ಮಕ್ಕಳನ್ನು ಬಿಡಿಸಿಕೊಂಡು ಹೋದ ಊರುಗಳುಂಟು. ಶಾಲೆಯ ಬೆಂಚೇ ಹೀಗೆಂದಮೇಲೆ ಊಟದ ಮಣೆಯ ಮಾತೇನು! ಬೆಂಗಳೂರಿನಲ್ಲಿ ಆರ್. ಗೋಪಾಲಸ್ವಾಮಿ ಅಯ್ಯರ್ ಎಂಬ ಬ್ರಾಹ್ಮಣರು ಈ ಮಕ್ಕಳಿಗೆಂದೇ ಬಾಳು ಸವೆಸಿದರು. ಮುಂದೆ ಸಿದ್ಧಲಿಂಗಯ್ಯನವರು ಬೆಳೆದದ್ದು ಅವರ ಹೆಸರಿನ ಹಾಸ್ಟೆಲಿನಲ್ಲಿ. ಅವರ ಆತ್ಮಕಥೆ 'ಊರು ಕೇರಿ'ಯಲ್ಲಿ ಆ ಹಾಸ್ಟೆಲಿನ ಹಸಿವೂ ಇದೆ, ನಗುವೂ ಇದೆ. 1944ರಲ್ಲಿ ಭಾರತ ಸರ್ಕಾರ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುಮಾಡಿತು. ಯಾರದೇ ಅಡುಗೆಮನೆಯ ಮುಂದೆ ನಿಲ್ಲದೆ, ಯಾವ ಮಠದ ಪ್ರಸಾದಕ್ಕೂ ಕಾಯದೆ, ಹಕ್ಕಿನ ಹಾಗೆ ಕೈಗೆ ಬರುವ ದುಡ್ಡು ಅದು. ಅದು ಕೈಗೆ ಬಂದ ಕೂಡಲೇ ಬೈಗುಳವೂ ಜೊತೆಗೆ ಬಂತು. ಕಾಲೇಜುಗಳಲ್ಲಿ ಈ ಹುಡುಗರನ್ನು 'ಗೌರ್ಮೆಂಟ್ ಬ್ರಾಹ್ಮಣ' ಎಂದು ಆಡಿಕೊಳ್ಳುತ್ತಿದ್ದರು. ಅರವಿಂದ ಮಾಲಗತ್ತಿಯವರು ಆ ಮಾತನ್ನೇ ಎತ್ತಿ ತಮ್ಮ ಆತ್ಮಕಥೆಗೆ ಹೆಸರಿಟ್ಟರು. ಪುಕ್ಕಟೆ ಉಣ್ಣುವವನು ಬ್ರಾಹ್ಮಣ ಎಂಬ ಹಳೆಯ ತಿಳಿವಳಿಕೆ ಆ ಬೈಗುಳದ ಹೊಟ್ಟೆಯಲ್ಲಿದೆ. ಬೈಯುವವರಿಗೆ ವಾರಾನ್ನದ ಚರಿತ್ರೆ ತಿಳಿಯದೆಯೂ ತಿಳಿದಿತ್ತು.

ನನ್ನದು ನಡುವಿನ ಜಾತಿ. ವಾರ ಸಿಗುವಷ್ಟು ಮೇಲಲ್ಲ, ರಾಗಿ ಗಾಡಿ ಕಳಿಸುವ ಗೌಡರಿಲ್ಲ, ಮಠ ಇದ್ದರೂ ಮೈಸೂರಿನಲ್ಲಿ ಬೋರ್ಡಿಂಗು ಇಲ್ಲ, ಪರಿಶಿಷ್ಟರ ಪಟ್ಟಿಯಲ್ಲಿಲ್ಲ. ಬತ್ತಿ ಸ್ಟೌವಿನ ಮೇಲೆ ಮೂವರೂ ಸರದಿಯಲ್ಲಿ ಅನ್ನ ಮಾಡುತ್ತಿದ್ದೆವು. ಸೀಮೆಎಣ್ಣೆ ಮುಗಿದ ದಿನ ಬನ್ನು, ಬಾಳೆಹಣ್ಣು. ಬಡ ವಿದ್ಯಾರ್ಥಿಗಳಿಗೆ ಒಂದು ಸ್ಕಾಲರ್‌ಷಿಪ್ ಇದೆ ಎಂದು ನೋಟೀಸ್ ಬೋರ್ಡಿನಲ್ಲಿ ನೋಡಿ ಅರ್ಜಿ ಹಾಕಿದೆ. ಆದಾಯದ ಸರ್ಟಿಫಿಕೇಟಿಗೆ ಕೊಳ್ಳೇಗಾಲಕ್ಕೆ ಮೂರು ಸಲ ಓಡಾಡಿದೆ. ಬಸ್ ಚಾರ್ಜಿಗೇ ಒಂದು ತಿಂಗಳ ಬಾಡಿಗೆ ಹೋಯಿತು. ಮಗ್ಗದವನಿಗೆ ವರ್ಷದ ವರಮಾನ ಎಷ್ಟೆಂದು ಅಪ್ಪನಿಗೇ ಗೊತ್ತಿಲ್ಲ. ಸೀರೆ ಒಂದಕ್ಕೆ ಕೂಲಿ ಇಷ್ಟು, ಸಾಹುಕಾರನ ಸಾಲಕ್ಕೆ ಮುರಿದುಕೊಂಡದ್ದು ಇಷ್ಟು, ಅಷ್ಟೇ ಲೆಕ್ಕ. ಅಧಿಕಾರಿ ಕಚೇರಿಯಲ್ಲಿ ಅಪ್ಪನನ್ನು ನಿಲ್ಲಿಸಿಕೊಂಡು "ಮನೆಯಲ್ಲಿ ರೇಷ್ಮೆ ನೇಯ್ತೀರಿ, ಬಡವರು ಹೇಗಾಗ್ತೀರಿ?" ಎಂದು ಕೇಳಿದ. ಅಪ್ಪ ಏನೂ ಹೇಳಲಿಲ್ಲ, ಹೊರಗೆ ಬಂದು ಬೀಡಿ ಹಚ್ಚಿದ. ಆ ಸ್ಕಾಲರ್‌ಷಿಪ್ ಮಂಜೂರಾಯಿತು, ಚೆಕ್ ಬಂದದ್ದು ಏಪ್ರಿಲ್‌ನಲ್ಲಿ, ಪರೀಕ್ಷೆ ಮುಗಿದು ನಾನು ಊರಿಗೆ ಹೊರಟಮೇಲೆ.

ಆ ಕೆಟ್ಟ ತಿಂಗಳುಗಳಲ್ಲಿ ಒಂದು ದಿನ ಮೇಷ್ಟ್ರು ಕರೆದರು. "ಭಾನುವಾರ ನಮ್ಮಲ್ಲಿ ಉಂಡುಬಿಡು." ಯಾಕೆ ಭಾನುವಾರವೇ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೋದೆ. ಪಡಸಾಲೆಯಲ್ಲಿ ಎಲೆ ಹಾಕಿದ್ದರು, ಒಬ್ಬನಿಗೇ. ಒಳಗೆ ಮೇಷ್ಟ್ರ ಎಲೆ ಇತ್ತು, ಬಾಗಿಲ ಸಂದಿಯಿಂದ ಅದರ ತುದಿ ಕಾಣುತ್ತಿತ್ತು. ಹುರುಳೀಕಾಯಿ ಪಲ್ಯ, ನುಗ್ಗೇಕಾಯಿ ಹುಳಿ, ಗಟ್ಟಿ ಮೊಸರು. ಅವರ ಮನೆಯವರು ಎತ್ತರದಿಂದಲೇ ಬಡಿಸಿದರು, ಆದರೆ ಮೂರು ಸಲ ಬಡಿಸಿದರು. ಉಂಡಾದಮೇಲೆ ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಮೇಷ್ಟ್ರು ಒಳಗಿಂದಲೇ "ಎಲೆ ತೆಗೆದು ಹಿತ್ತಿಲಲ್ಲಿ ಹಾಕಪ್ಪ, ಗೋಮಯ ಅವಳು ಹಚ್ಚಿಕೊಳ್ತಾಳೆ" ಅಂದರು. ಧ್ವನಿ ಸ್ವಲ್ಪ ಇಳಿದಿತ್ತು. ಲಕ್ಷ್ಮೀಪುರದ ವಕೀಲರ ಮನೆಯಲ್ಲಿ ಎಲೆ ಎತ್ತುತ್ತಿದ್ದವರು ಅವರೇ. ನಾನು ಆ ವರ್ಷವೆಲ್ಲ ಭಾನುವಾರಗಳಂದು ಅಲ್ಲಿ ಉಂಡೆ, ಪ್ರತಿ ಸಲವೂ ಎಲೆ ಎತ್ತಿದೆ, ಪ್ರತಿ ಸಲವೂ ಹೊಟ್ಟೆ ತುಂಬಿತ್ತು. ಇವೆರಡರಲ್ಲಿ ಒಂದನ್ನು ಮರೆತು ಇನ್ನೊಂದನ್ನು ಹೇಳಲು ನನಗೆ ಈಗಲೂ ಆಗುವುದಿಲ್ಲ.

1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದರು. ಎಲ್.ಜಿ. ಹಾವನೂರರ ಆಯೋಗ 1975ರಲ್ಲಿ ವರದಿ ಕೊಟ್ಟಿತು, 1977ರಲ್ಲಿ ಆದೇಶ ಹೊರಬಿತ್ತು, ಹಿಂದುಳಿದ ವರ್ಗಗಳಿಗೆ ಬೇರೆ ಇಲಾಖೆಯಾಯಿತು. ನಮ್ಮಂಥ ನಡುವಿನ ಜಾತಿಗಳಿಗೆ ಸರ್ಕಾರದ ಪಟ್ಟಿಯಲ್ಲಿ ಹೆಸರು, ತಾಲ್ಲೂಕು ತಾಲ್ಲೂಕಿನಲ್ಲಿ ಆ ಇಲಾಖೆಯ ಬಿಸಿಎಂ ಹಾಸ್ಟೆಲ್. ನನ್ನ ಓದು ಅಷ್ಟುಹೊತ್ತಿಗೆ ಮಾನಸಗಂಗೋತ್ರಿಯಲ್ಲಿ ಎಂ.ಎ. ಮುಗಿಯುವವರೆಗೆ ಬಂದಿತ್ತು. ನನ್ನ ತಮ್ಮ ಮಾತ್ರ ಹಾಸ್ಟೆಲಿನಲ್ಲಿದ್ದು ಓದಿದ. ಅಲ್ಲಿಯ ಸಾರು ನೀರು ನೀರೆಂದು ಅವನು ಬೈಯುತ್ತಿದ್ದ. ನನಗೆ ಆ ಬೈಗುಳ ಕೇಳಲು ಖುಷಿ. ಮೇಷ್ಟ್ರು ಯಾವ ಮನೆಯ ಸಾರನ್ನು ಬೈಯಬಹುದಾಗಿತ್ತು?

ನಾನು ಸರ್ಕಾರಿ ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಪಾಠ ಹೇಳಿದೆ. ಅದರಲ್ಲಿ ಹತ್ತು ವರ್ಷ ಸ್ಕಾಲರ್‌ಷಿಪ್ಪಿನ ಉಸ್ತುವಾರಿ ನನ್ನ ತಲೆಗೆ. ಎಲ್ಲರೂ ಬೇಡವೆನ್ನುವ ಕೆಲಸ, ನಾನು ಕೇಳಿ ಪಡೆದೆ. ನಿವೃತ್ತನಾದ ಮೇಲೆ 2013ರಲ್ಲಿ ವಿದ್ಯಾಸಿರಿ ಬಂತು: ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಊಟ ವಸತಿಗೆಂದು ತಿಂಗಳಿಗೆ 1500 ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಒಳ್ಳೆಯ ಯೋಜನೆ. ಈಗ ಅರ್ಜಿ ಎಲ್ಲ ಆನ್‌ಲೈನ್. ಪೋರ್ಟಲ್ಲಿನಲ್ಲಿ ಆಧಾರ್, ಜಾತಿ ಪತ್ರದ ನಂಬರು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ. ಕಚೇರಿಯ ಮುಂದೆ ಅಪ್ಪ ನಿಂತದ್ದು ಹೋಯಿತು, ಸೈಬರ್ ಸೆಂಟರಿನ ಮುಂದೆ ಮಗಳು ನಿಂತಿದ್ದಾಳೆ. ಹೋದ ವರ್ಷ ನಮ್ಮ ಕೇರಿಯ ಹುಡುಗಿಯೊಬ್ಬಳ ಅರ್ಜಿ ತಿರಸ್ಕೃತವಾಯಿತು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ. ಪರದೆಯ ಮೇಲಿನ ಎರಡು ಸಾಲಿನ ಒಕ್ಕಣೆಗೆ ಕೈಮುಗಿಯಲೂ ಆಗುವುದಿಲ್ಲ, ಬೈಯಲೂ ಆಗುವುದಿಲ್ಲ.

ಅವಳಿಗೆ ಹಾಸ್ಟೆಲ್ಲೂ ಸಿಕ್ಕಿರಲಿಲ್ಲ. ಇರಲು ಜಾಗ ಹುಡುಕಿಕೊಡಿ ತಾತ ಎಂದಳು. ಇಬ್ಬರೂ ಕೃಷ್ಣಮೂರ್ತಿಪುರ, ಲಕ್ಷ್ಮೀಪುರ ತಿರುಗಿದೆವು. ನಮ್ಮ ವಠಾರ ಇದ್ದಲ್ಲಿ ಅಪಾರ್ಟ್‌ಮೆಂಟು. ಹಪ್ಪಳದ ಅಜ್ಜಿಯ ಮನೆ ಎಲ್ಲಿತ್ತೆಂದು ಮೇಷ್ಟ್ರು ತೋರಿಸಿದ್ದರು, ಅಲ್ಲೊಂದು ಮೊಬೈಲ್ ರಿಪೇರಿ ಅಂಗಡಿ. ವಕೀಲರ ಮನೆ ಮಾತ್ರ ಗುರುತು ಸಿಕ್ಕಿತು. ಮುಂದಿನ ಕಂಬಗಳು, ಕೆಂಪು ಹೆಂಚು ಹಾಗೆಯೇ ಇವೆ. ಮೇಲೆ ಎರಡು ಮಹಡಿ ಎಬ್ಬಿಸಿ ಹೆಣ್ಣುಮಕ್ಕಳ ಪಿ.ಜಿ. ಮಾಡಿದ್ದಾರೆ. ಮೂವರು ಹಂಚಿಕೊಳ್ಳುವ ಕೋಣೆಗೆ ತಿಂಗಳಿಗೆ 6500, ಎರಡು ತಿಂಗಳ ಅಡ್ವಾನ್ಸ್. ಹುಡುಗಿ ಗೇಟಿನ ಪಕ್ಕದ ಬೋರ್ಡು ಓದುತ್ತಾ ನಿಂತಳು. ಬಿಸಿನೀರು, ವೈಫೈ, ಶುಚಿರುಚಿಯಾದ ಸಸ್ಯಾಹಾರ. ಕೆಳಗೆ ಕೆಂಪು ಅಕ್ಷರದಲ್ಲಿ: ಭಾನುವಾರ ರಾತ್ರಿ ಊಟ ಇರುವುದಿಲ್ಲ.